ಎದುರುಮನೆ ಟೇಲರ್ ಮತ್ತು ನನ್ನ ಬೀರು

ನಮ್ಮ ಎದುರುಮನೆಯ ಟೇಲರ್ ಏನು ಕೊಂಡರೂ ಮೊದಲು ಎರಡು ಬೆರಳ ನಡುವೆ ತಿಕ್ಕಿ ನೋಡುತ್ತಿದ್ದ, ಬದನೆಕಾಯಿಯಾದರೂ ಸರಿ. "ಟ್ರಯಲ್ ನೋಡದೆ ಕೈ ಹಾಕಬಾರದು ಯವ್ವಾ" ಅನ್ನುವುದು ಅವನ ಮಾತು.

ಒಂದು ಹಳೆ ಕಾರು ಕೊಂಡ. ಬಳ್ಳಾರಿಯ ಕೆಂಪು ಧೂಳು ತಿಂದು ಅದರ ಬಣ್ಣ ಮಂಕಾಗಿತ್ತು. ತಮ್ಮನ ಮಗಳ ಮದುವೆಗೆ ಸಿರುಗುಪ್ಪಕ್ಕೆ ಹೊರಟಿದ್ದ ಅವನ ಹೆಂಡತಿ, "ಇಂಥಾ ಕಾರಿನ್ಯಾಗ ತವರಿಗೆ ಬರಂಗಿಲ್ಲ. ಹೊಳೆದ್ರ ಕುಂದ್ರತೀನಿ, ಇಲ್ಲಾಂದ್ರ ಬಸ್ಸು" ಅಂದುಬಿಟ್ಟಳು.

ಮದುವೆಗೆ ಹೋಗುವ ದಿನ ಬೆಳಿಗ್ಗೆ ಗುರುತಿನ ಅಂಗಡಿಯಿಂದ ಎರಡು ಪಾಲಿಶ್ ಮಷೀನು ಟ್ರಯಲ್‌ಗೆ ತಂದ. ಒಂದು ಗರಗರ ಸುತ್ತುವುದು, ಅಗ್ಗ. ಇನ್ನೊಂದು ಸುತ್ತುತ್ತಲೇ ಅಲುಗಾಡುವುದು, ರೇಟು ಸ್ವಲ್ಪ ಜಾಸ್ತಿ. ನೇರ ಕಾರಿನ ಮೇಲೆ ಇಡಲು ಅವನಿಗೆ ಧೈರ್ಯ ಬರಲಿಲ್ಲ. ನನ್ನ ಪಡಸಾಲೆಯ ಹಸಿರು ಬೀರು ಕಣ್ಣಿಗೆ ಬಿತ್ತು.

"ಕಾರೂ ತಗಡು, ಬೀರೂನೂ ತಗಡು ಯವ್ವಾ."

"ನಿನ್ನ ತಲಿನೂ ತಗಡೇ ಐತಿ, ಅದರ ಮ್ಯಾಲ ನೋಡಲೇ" ಅಂದೆ. ಕೇಳಲಿಲ್ಲ.

ಅಗ್ಗದ್ದು ಎಡಬಾಗಿಲಿನ ಬಣ್ಣ ಕಿತ್ತು ತಗಡು ತೋರಿಸಿತು. ಅಲುಗಾಡುವುದು ಬಲಬಾಗಿಲನ್ನು ಕನ್ನಡಿ ಮಾಡಿತು. ಯಾವುದು ಕೊಳ್ಳಬೇಕೆಂದು ಅಷ್ಟಕ್ಕೇ ಗೊತ್ತಾಗಿತ್ತು. ಆದರೂ ಬಿಡದೆ ಬೀರಿನ ಪಕ್ಕ, ಬೆನ್ನು, ಕಾಲು ಎಲ್ಲದರ ಮೇಲೂ ಟ್ರಯಲ್ ನೋಡಿದ. ಅಷ್ಟರಲ್ಲಿ ಹೆಂಡತಿ ಬ್ಯಾಗು ಹಿಡಿದು ಬಂದಳು. ಮಂಕಾಗಿಯೇ ನಿಂತಿದ್ದ ಕಾರು ನೋಡಿದಳು, ಹೊಳೆಯುವ ಬೀರು ನೋಡಿದಳು.

"ಈ ಬೀರಿನ್ಯಾಗ ಕುಂದ್ರಿಸಿ ಕರ್ಕಂಡು ಹೋಗ್ತೀರೇನು?"

ಹೋಗಿ ಬಸ್ಸು ಹತ್ತಿದಳು. ಟೇಲರ್ ಆ ಬಸ್ಸಿನ ಧೂಳು ಕುಡಿಯುತ್ತಾ ಸಿರುಗುಪ್ಪದವರೆಗೂ ಹಿಂದೆಯೇ ಕಾರು ಓಡಿಸಿದನಂತೆ.

ಬೀರಿನ ಎಡಬಾಗಿಲಿಗೆ ನಾನು ಕ್ಯಾಲೆಂಡರ್ ತೂಗುಹಾಕಿದ್ದೇನೆ.