ಜವರಪ್ಪನ ಬೆಂಕಿಪೊಟ್ಟಣ

ಭೂಮಿಯನ್ನು ಉಳಿಸುವುದು ಸಮಸ್ತ ಮಾನವಕುಲದ ಹೊಣೆ. ಮೊನ್ನೆ ಹನಕೆರೆಯಲ್ಲಿ ಮಾತ್ರ ಅದು ನಮ್ಮಿಬ್ಬರ ಮೇಲೇ ಬಿದ್ದಿತ್ತು; ನಮ್ಮಲ್ಲೊಬ್ಬರಿಗೆ ಮಂಡಿನೋವು ಬೇರೆ.

ನಿವೃತ್ತ ಮೇಷ್ಟ್ರಾದ ನಾನು ಪರಿಸರ ಸಂಸ್ಥೆಯೊಂದರ ಸ್ವಯಂಸೇವಕ. ಜೊತೆಗಿದ್ದ ಚೈತ್ರಾ ಅಲ್ಲಿನ ಇಂಟರ್ನ್. ಕಬ್ಬು ಕಡಿದ ಮೇಲೆ ಉಳಿಯುವ ಒಣ ತರಗನ್ನು ಸುಡಬೇಡಿ, ಸಾಲಿನ ನಡುವೆ ಹರಡಿ ಎಂದು ಅವಳು ಮೂರು ವಾರ ಊರೂರು ಸುತ್ತಿದ್ದಳು. ಒಬ್ಬರೂ ಒಪ್ಪಿರಲಿಲ್ಲ. ಅಂದು ಅವಳ ಇಂಟರ್ನ್‌ಶಿಪ್ಪಿನ ಕೊನೆಯ ದಿನ, ಜವರಪ್ಪ ಕೊನೆಯ ರೈತ.

ಅವಳ ಚಾರ್ಟುಗಳನ್ನೆಲ್ಲ ತಾಳ್ಮೆಯಿಂದ ನೋಡಿದ ಜವರಪ್ಪ, "ಸುಡದಿದ್ರೆ ಆವು ಸೇರ್ಕತವೆ ಕಣವ್ವ. ನೀನ್ ಬಂದ್ ಇಡಿತೀಯಾ?" ಎಂದ.

"ಹಾವಂದ್ರೆ ನಂಗೂ ಭಯ. ತರಗು ಹರಡೋಕೆ ಬೇಕಾದ್ರೆ ಬರ್ತೀನಿ."

ಜವರಪ್ಪ ಅವಳನ್ನೇ ನೋಡಿದ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಅವಳ ಕೈಗಿಟ್ಟ. "ಮಡೀಕೊ. ಈ ಸಲ ಸುಡಾಕಿಲ್ಲ."

ನಾವು ರೈಲ್ವೆ ನಿಲ್ದಾಣ ಮುಟ್ಟುವಷ್ಟರಲ್ಲಿ ಅವನ ಮೊಪೆಡ್ಡು ಹಿಂದೆಯೇ ಬಂತು. ಅವನ ಮನಸ್ಸು ಬದಲಾಯಿತೆಂದು ಚೈತ್ರಾಳ ಮುಖ ಬಾಡಿತು.

"ಬೀಡಿ ಅಚ್ಕಬೇಕು. ಒಂದ್ ಕಡ್ಡಿ ಗೀರವ್ವ."

"ಅಂಗಡೀಲಿ ಬೇರೆ ಪೊಟ್ಟಣ ಸಿಗ್ತಿತ್ತಲ್ಲಯ್ಯಾ," ಎಂದೆ ನಾನು.

"ಏನ್ ಮೇಷ್ಟ್ರೇ ನೀವು! ಇನ್ನೊಂದ್ ಪೊಟ್ಟಣ ಜೇಬಲ್ಲಿಟ್ಕಂಡ್ರೆ ಕೊಟ್ಟ ಮಾತು ಏನಾಯ್ತದೆ?"

ಚೈತ್ರಾ ಗಂಭೀರವಾಗಿ ಕಡ್ಡಿ ಗೀರಿ ಬೀಡಿ ಹಚ್ಚಿಕೊಟ್ಟು, ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡಳು.

ಭಾನುವಾರ ಅವಳು ಬಂದಳು. ಮೂವರೂ ತರಗು ಹರಡಿದೆವು. ಹಾವು ಬರಲಿಲ್ಲ.