ಬತ್ತೀನಿ ಅನ್ನಬಾರದ ಮನೆ

ಸಾವಿನ ಮನೆಯಿಂದ ಹೊರಡುವಾಗ ನಮ್ಮ ಕಡೆ ಯಾರೂ ‘ಬತ್ತೀನಿ’ ಅನ್ನುವುದಿಲ್ಲ. ಸುಮ್ಮನೆ ಎದ್ದು, ಹಿಂದೆ ನೋಡದೆ ಬಂದುಬಿಡುತ್ತೇವೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಮನೆಯನ್ನು ಸಾವಿನ ಮನೆ ಎಂದು ನಾನು ಎಣಿಸಿರಲಿಲ್ಲ. ಅಲ್ಲಿ ಟಿಕೆಟ್ ಹರಿದು ಒಳಗೆ ಬಿಡುತ್ತಿದ್ದರು.

ನಾನು ಅಡುಗೆಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸೌದೆ ಒಲೆಯ ಮುಂದೆ ನಿಂತವನು. ಇವತ್ತು ನಂಜನಗೂಡು, ಟಿ. ನರಸೀಪುರ ಎರಡು ತಾಲ್ಲೂಕಿನಲ್ಲೂ ಮದುವೆ ನಿಶ್ಚಯವಾದರೆ ಛತ್ರಕ್ಕಿಂತ ಮೊದಲು ನನ್ನನ್ನು ಗೊತ್ತು ಮಾಡುತ್ತಾರೆ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ದುಡಿದಿದ್ದೇನೆ. ಮಗಳು ಮೈಸೂರಿನಲ್ಲಿ ಪಿಟೀಲು ಕಲಿಯುತ್ತಾಳೆ. ನಮ್ಮ ಸಂಗೀತವಲ್ಲ, ಯುರೋಪಿನದು. ಹಳೆಯ ಸಂಗೀತಗಾರರು ಬಾಳಿದ ಮನೆಗಳನ್ನು ತೋರಿಸಲು ಅವಳ ಮೇಡಂ ವಿದ್ಯಾರ್ಥಿಗಳನ್ನು ವಿಯೆನ್ನಾಕ್ಕೆ ಕರೆದುಕೊಂಡು ಹೊರಟಾಗ, ಅನ್ನ ಸಾರಿಗೆ ಒಬ್ಬರು ಬೇಕೆಂದು ನನ್ನನ್ನೂ ಸೇರಿಸಿಕೊಂಡರು. ಕೊನೆಯ ದಿನ ಅಲ್ಲಿನ ಪುಟ್ಟ ಸಭಾಂಗಣವೊಂದರಲ್ಲಿ ಮಕ್ಕಳ ಕಛೇರಿ. ಅದರಲ್ಲಿ ಒಬ್ಬಳೇ ನಿಂತು ನುಡಿಸಬೇಕಾದವಳು ನನ್ನ ಮಗಳು. ವರ್ಷವೆಲ್ಲ ಅದಕ್ಕೇ ಬೆರಳು ಸವೆಸಿದ್ದಳು.

ಮಧ್ಯಾಹ್ನಕ್ಕೇ ಮಬ್ಬುಗತ್ತಲಾಗುವ ಕಾಲ ಅದು. ಒಂದು ಮಹಡಿ ಮನೆಗೆ ಹೋದೆವು. ಅಲ್ಲಿ ತೀರಿಕೊಂಡ ಸಂಗೀತಗಾರನ ಹೆಸರು ನನ್ನ ನಾಲಿಗೆಯಲ್ಲಿ ಹೊರಳಲಿಲ್ಲ. ಹಲಗೆ ಹಾಸಿದ ನೆಲ, ಹಗ್ಗ ಕಟ್ಟಿ ದೂರವಿಟ್ಟ ಪಿಯಾನೋ, ಗಾಜಿನ ಪೆಟ್ಟಿಗೆಯಲ್ಲಿ ಒಂದು ಬಿಳಿ ಮುಖ. ಸತ್ತ ದಿನವೇ ಅವನ ಮುಖದ ಮೇಲೆ ಪ್ಲಾಸ್ಟರ್ ಹಾಕಿ ತೆಗೆದ ಅಚ್ಚು ಎಂದು ಮೇಡಂ ಹೇಳಿದರು. ಕಣ್ಣು ಮುಚ್ಚಿತ್ತು. ತುಟಿ ಮಾತ್ರ ಏನೋ ಹೇಳಲು ಹೊರಟು ನಿಂತಂತಿತ್ತು. ಮಕ್ಕಳು ಇಳಿದುಹೋದರು. ಕೊನೆಗೆ ಉಳಿದ ನಾನು ಬಾಗಿಲಲ್ಲಿ ತಿರುಗಿ, ಯಾರ ಮನೆಯಲ್ಲಾದರೂ ಹೇಳುವ ಹಾಗೆ, ‘ಬತ್ತೀನಿ ಸ್ವಾಮಿ’ ಅಂದುಬಿಟ್ಟೆ. ಮೆಟ್ಟಿಲು ಇಳಿಯುವಾಗ ನನ್ನ ಹಿಂದೆ ಹಲಗೆ ಕಿರ್ ಎಂದಿತು. ನಾನು ನಿಂತೆ. ಅದೂ ನಿಂತಿತು.

ಆ ರಾತ್ರಿ ಊಟಕ್ಕೆ ತಟ್ಟೆ ಜೋಡಿಸಿದಾಗ ಒಂದು ಹೆಚ್ಚಾಯಿತು. ಎತ್ತಿಟ್ಟೆ. ಮಾರನೆಯ ಬೆಳಿಗ್ಗೆ ಮತ್ತೆ ಒಂದು ಹೆಚ್ಚು. ಸಾವಿರ ಜನದ ಪಂಕ್ತಿಯಲ್ಲೂ ಎಲೆಯ ಲೆಕ್ಕ ತಪ್ಪದವನು ನಾನು. ಯಾರಿಗೂ ಹೇಳಲಿಲ್ಲ.

ಮಗಳು ಮಾತ್ರ ಉಣ್ಣಲಿಲ್ಲ. ಕಿಟಕಿಯ ಪಕ್ಕ ಕೂತು ಮೇಜಿನ ಅಂಚನ್ನು ಪಿಟೀಲಿನ ಕತ್ತಿನಂತೆ ಒತ್ತುತ್ತ, ಏನನ್ನೋ ಗುನುಗುತ್ತಿದ್ದಳು. ಮೇಡಂ ನುಡಿಸಲು ಹೇಳಿದರೆ ಕಲಿತ ಪಾಠ ಎರಡು ಸಾಲು ಹೋಗಿ ಈ ಹೊಸ ಧಾಟಿಗೆ ಜಾರಿಬಿಡುತ್ತಿತ್ತು. ಹೀಗಾದರೆ ಕಛೇರಿಗೆ ಬೇರೆ ಹುಡುಗಿಯನ್ನು ನಿಲ್ಲಿಸಬೇಕಾಗುತ್ತದೆ ಎಂದು ಮೇಡಂ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು.

“ಯಾವುದು ಮಗಾ ಅದು?” ಅಂದೆ.

“ಗೊತ್ತಿಲ್ಲ ಅಪ್ಪಾ. ಆ ಮನೆಯಿಂದ ಬಂದಾಗ್ನಿಂದ ತಲೇಲಿ ಐತೆ. ಕೊನೆ ಮಾತ್ರ ಸಿಕ್ತಾ ಇಲ್ಲ. ಅದೊಂದು ಸಿಕ್ಬುಟ್ರೆ ಸಾಕು.”

ಅವಳು ನನ್ನ ಕಡೆ ನೋಡಿ ಹೇಳಲಿಲ್ಲ. ನನ್ನ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡುತ್ತಿದ್ದಳು.

ಊರಿಗೆ ಫೋನು ಮಾಡಿ ಹೆಂಡತಿಗೆ ಎಲ್ಲ ಹೇಳಿದೆ. “ಸತ್ತೋರ್ ಮನೇಲಿ ಬತ್ತೀನಿ ಅಂದ್ಬುಟ್ರಾ? ವಿಮಾನ ಅತ್ತಿದ್ರೂ ಬುದ್ಧಿ ಬರ್ನಿಲ್ವಲ್ಲ ನಿಮ್ಗೆ. ವಾಪಸ್ ಓಗಿ. ಬಾಯಿ ಬುಡ್ದೆ ಎದ್ದು ಬನ್ನಿ. ತಿರುಗಿ ನೋಡ್ಬ್ಯಾಡಿ.”

ಕಛೇರಿಯ ದಿನ ಬೆಳಿಗ್ಗೆ ಉಪ್ಪಿಟ್ಟು ಇಳಿಸಿ ಒಬ್ಬನೇ ಹೋದೆ. ಅಷ್ಟು ಬೇಗ ಇನ್ನಾರೂ ಬಂದಿರಲಿಲ್ಲ. ಬಿಳಿ ಮುಖದ ಎದುರು ಕೂರಲು ಒಂದು ಬೆಂಚಿತ್ತು. ನಮ್ಮೂರಿನಲ್ಲಿ ಕೂರುವ ಹಾಗೆ, ಟವಲ್ಲು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತೆ. ಆಮೇಲೆ ಎದ್ದೆ. ಬಾಗಿಲವರೆಗೂ ನನ್ನ ಹಿಂದೆ ಹಲಗೆ ಕಿರ್ ಎನ್ನುತ್ತ ಬಂತು. ಹೊಸ್ತಿಲಲ್ಲಿ ನಿಂತುಹೋಯಿತು. ಬಾಯಿ ಬಿಗಿಹಿಡಿದಿದ್ದೆ. ಮನಸ್ಸು ಏನಂದಿತೋ, ಅದರ ಮೇಲೆ ನನಗೆ ಹಿಡಿತವಿರಲಿಲ್ಲ.

ಅಂದು ಮಧ್ಯಾಹ್ನ ತಟ್ಟೆಯ ಲೆಕ್ಕ ಸರಿಹೋಯಿತು. ಮಗಳು ಕಲಿತದ್ದನ್ನು ಕಲಿತ ಹಾಗೇ ನುಡಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಪ್ಪನಾದವನಿಗೆ ಇನ್ನೇನು ಬೇಕು ಎಂದುಕೊಂಡೆ. ಆದರೆ ವಿಮಾನದಲ್ಲಿ ಅವಳು ಕಂಬಳಿ ಮುಖಕ್ಕೆಳೆದುಕೊಂಡು ಅತ್ತಳು. ಆ ಧಾಟಿ ಅಳಿಸಿಹೋಗಿತ್ತಂತೆ, ಒಂದು ಸ್ವರವೂ ಉಳಿಯದ ಹಾಗೆ. “ಯಾರೋ ಕೈಯಿಂದ ಕಿತ್ಕೊಂಡಂಗಾಯ್ತು ಅಪ್ಪಾ,” ಅಂದಳು. ಕಿತ್ತುಕೊಂಡವನು ಅವಳ ಪಕ್ಕದಲ್ಲೇ ಸೀಟ್ ಬೆಲ್ಟ್ ಕಟ್ಟಿಕೊಂಡು ಕೂತಿದ್ದ. ಮತ್ತೆ ಅಂಥ ಹೊತ್ತು ಬಂದರೂ ನಾನು ಹಾಗೇ ಮಾಡುತ್ತೇನೆ. ಊರಿಗೆ ಬಂದ ಮೇಲೆ ಪಾಠ ಬಿಟ್ಟರೆ ಬೇರೇನನ್ನೂ ಅವಳು ನುಡಿಸಲಿಲ್ಲ, ಅದೂ ಗಡಿಯಾರ ನೋಡುತ್ತ.

ಮೊನ್ನೆ ಹೆಡತಲೆ ಅನ್ನುವ ಊರಿನಲ್ಲಿ ಒಂದು ಮದುವೆ. ರಜೆಯೆಂದು ಮಗಳೂ ಬಂದಿದ್ದಳು. ಬೀಗರ ಊಟ ಮುಗಿದು, ಕೊನೆಗೆ ನಮ್ಮ ಕೆಲಸದವರ ಪಂಕ್ತಿಗೆ ಅನ್ನ ಬಸಿಯುತ್ತಿದ್ದೆ. ಹಬೆಯಲ್ಲಿ ಏನೂ ಕಾಣುತ್ತಿರಲಿಲ್ಲ. ನನ್ನ ಬೆನ್ನ ಹಿಂದೆ ಮಗಳು ಹಿಡಿದಿದ್ದ ನೀರಿನ ಜಗ್ಗು ನೆಲಕ್ಕೆ ಬಿತ್ತು.

“ನಿಲ್ಲಿಸ್ಬೇಡಿ ಅಪ್ಪಾ.”

ನಾನು ಗುನುಗುತ್ತಿದ್ದೆ. ಹುಟ್ಟಿದಾಗಿನಿಂದ ಒಂದು ಹಾಡನ್ನೂ ನೆಟ್ಟಗೆ ಹೇಳಿದವನಲ್ಲ. ಅದೇ ಧಾಟಿ. ಅವಳು ನಿಲ್ಲುತ್ತಿದ್ದ ಕಡೆ ನನ್ನ ಗಂಟಲು ನಿಲ್ಲಲಿಲ್ಲ. ಒಂದು ತಿರುವು ತೆಗೆದುಕೊಂಡು, ಇಳಿದು, ಮುಗಿಯಿತು.

ಅವಳ ಎಡಗೈ ಬೆರಳುಗಳು ಸೆರಗಿನ ಅಂಚಿನ ಮೇಲೆ ಓಡುತ್ತಿದ್ದವು. “ಇದೇ ಕೊನೆ,” ಎಂದು ಮೆಲ್ಲಗೆ ಹೇಳಿಕೊಂಡಳು. “ಇನ್ನೊಂದ್ ಸಲ ಅನ್ನಿ.”

ಅಂದೆ. ಆಮೇಲೆ ಅನ್ನದ ಕುಕ್ಕೆ ಎತ್ತಿಕೊಂಡು ಪಂಕ್ತಿಗೆ ಹೋದೆ. ಎಲೆ ಹಾಕಿದ್ದವನು ನಾನೇ. ಎಲ್ಲರೂ ಕೂತ ಮೇಲೂ ತುದಿಯಲ್ಲಿ ಒಂದು ಎಲೆ ಉಳಿದಿತ್ತು. ಈ ಸಲ ಎತ್ತಲಿಲ್ಲ. ನೀರು ಚಿಮುಕಿಸಿ, ಮೊದಲು ಅದಕ್ಕೇ ಬಡಿಸಿದೆ.