ಪೂರ ಎಳೆಯಬಾರದ ಲೆನ್ಸು

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹುರಿದ ಕುಚ್ಚಲಕ್ಕಿಯ ವಾಸನೆ ಬಂತು. ಹಳೆಯ ಬಿಸ್ಕತ್ತಿನ ಡಬ್ಬಿ. ಒಳಗೆ ಅಕ್ಕಿ, ಅಕ್ಕಿಯ ನಡುವೆ ಒಂದು ಉದ್ದನೆಯ ಲೆನ್ಸು, ಬದಿಯಲ್ಲಿ ಕಾಗದ ಸುತ್ತಿದ ಒಂದು ನೆಗೆಟಿವ್ ಪಟ್ಟಿ. ಬ್ರಹ್ಮಾವರದ ಸ್ಟುಡಿಯೋ ಅಣ್ಣ ತೀರಿಕೊಂಡು ತಿಂಗಳಾದ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿ ಕೊಟ್ಟದ್ದು. "ಇದನ್ ನಿಂಗೇ ಕೊಡ್ಕ್ ಅಂದಿದ್ರ್," ಎಂದರು. ನಮ್ಮ ಕಡೆಯ ತೇವಕ್ಕೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆಂದು ಅಣ್ಣ ಮಳೆಗಾಲವಿಡೀ ಅಕ್ಕಿ ಹುರಿದು ಬದಲಿಸುತ್ತಿದ್ದರು. ಅವರ ಮನೆಯಲ್ಲಿ ಊಟಕ್ಕಿಂತ ಲೆನ್ಸಿಗೇ ಹೆಚ್ಚು ಅಕ್ಕಿ ಬೇಕು ಎಂದು ನಾವು ತಮಾಷೆ ಮಾಡುತ್ತಿದ್ದೆವು...

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಂಗಾರಕಟ್ಟೆಯ ಹೊಳೆಬದಿಯಲ್ಲಿ ನಮ್ಮ ಮನೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದೆ, ತಮ್ಮ ಮೀನಿಗೆ ಹೋಗುತ್ತಿದ್ದ. ವಾರವಿಡೀ ಮದುವೆ, ನಾಮಕರಣದ ಪಟ ತೆಗೆದು ಬೇಸತ್ತ ಸ್ಟುಡಿಯೋ ಅಣ್ಣ ಆದಿತ್ಯವಾರ ನಮ್ಮ ದಂಡೆಗೆ ಬರುತ್ತಿದ್ದರು, ಹಕ್ಕಿ ಮತ್ತು ದೋಣಿಗಳ ಪಟಕ್ಕೆ. ಮುಂಬೈಯಿಂದ ಯಾರೋ ತಂದುಕೊಟ್ಟ ಸಸ್ತಾ ಝೂಮ್ ಲೆನ್ಸು ಅದು. ಕೈ ನಡುಗದಂತೆ ಲೆನ್ಸಿನ ಕೆಳಗಿಡಲು ನನ್ನಿಂದ ಒಂದು ಚೀಲ ಹೊಲಿಸಿ, ಅದಕ್ಕೆ ಉಮಿ ತುಂಬಿಸಿ, ನಮ್ಮ ಅಂಗಳದ ಪಾಗಾರದ ಗೋಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು.

ಒಮ್ಮೆ ಕ್ಯಾಮೆರಾ ನನ್ನ ಕೈಗೂ ಕೊಟ್ಟರು. ನಾನು ಆಸೆಬುರುಕಿ, ಲೆನ್ಸನ್ನು ಅದರ ಮೇಲೆ ಬರೆದಿದ್ದ ಮುನ್ನೂರರ ತುದಿಯವರೆಗೂ ಎಳೆದೆ.

"ಪೂರ ಎಳೂಕಾಗ ಮಾರಾಯ್ತಿ. ಹತ್ರ ಬತ್ತ್, ಆರೆ ಮಸ್ಕಾತ್ತ್. ಇನ್ನೂರ್ರಲ್ ನಿಲ್ಸ್. ಬಿಸ್ಲ್ ಬೆನ್ನಿಗಿರ್ಲಿ, ಉಸ್ರ್ ಬಿಟ್ಕಂಡ್ ಒತ್ತ್."

ತುದಿಗೆ ಎಳೆದರೆ ಪಟ ಮಸುಕಾಗುತ್ತದೆಂದು ಕ್ಯಾಮೆರಾ ಮುಟ್ಟಿದ ಎಲ್ಲರಿಗೂ ಹೇಳುತ್ತಿದ್ದರು. ಅವರಿಗೆ ಇನ್ನೊಂದು ಹಟವಿತ್ತು. ದೂರದಲ್ಲಿ ಏನೋ ಹಾರಿದಾಗ ನಾನು ಗರುಡ ಎಂದು ಕೂಗಿದರೆ ರೇಗುತ್ತಿದ್ದರು. "ಕಾಣ್ದೆ ಕಂಡೆ ಅಂಬುಕಾಗ." ಕಾಣದ್ದನ್ನು ಕಂಡೆ ಎನ್ನಬಾರದೆಂಬ ಆ ಮಾತನ್ನು ಎಷ್ಟು ಸಲ ಕೇಳಿದ್ದೇನೋ... ನನಗೆ ಸಿಟ್ಟೂ ಬರುತ್ತಿತ್ತು.

ಮಳೆ ಹಿಂದೆಗೆದ ಒಂದು ಆದಿತ್ಯವಾರ ಮಧ್ಯಾಹ್ನ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ತಮ್ಮನ ದೋಣಿ ಮಗುಚಿತು. ಐದು ಜನ ಇದ್ದರು. ಮೂವರು ಇನ್ನೊಂದು ದೋಣಿಯಲ್ಲಿ ಹೋಗಿ ನಾಲ್ವರನ್ನು ಎತ್ತಿ ತಂದರು. ಅದರಲ್ಲಿ ತಮ್ಮ ಇರಲಿಲ್ಲ. ಇಳಿತ ಶುರುವಾಗಿತ್ತು, ತೆರೆ ಹೆಚ್ಚುತ್ತಿತ್ತು. ಆ ದೋಣಿಯ ಯಜಮಾನರು ಹುಟ್ಟು ಕೆಳಗಿಟ್ಟರು.

"ಇನ್ನ್ ಹೋಪುಕಾತಿಲ್ಲೆ. ಇದ್ದವ್ರನ್ನೂ ಕಳ್ಕಂಬುದಾ?"

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರಿಗೂ ಹೆಂಡತಿ ಮಕ್ಕಳಿದ್ದರು. ಅಮ್ಮ ಮಾತ್ರ ಸೀದಾ ಪಾಗಾರದ ಹತ್ತಿರ ಹೋಗಿ, ಕ್ಯಾಮೆರಾಕ್ಕೆ ಕಣ್ಣಿಟ್ಟಿದ್ದ ಸ್ಟುಡಿಯೋ ಅಣ್ಣನ ತೋಳು ಹಿಡಿದಳು.

"ಕಾಂತಾ?"

ಮಗ ಕಾಣುತ್ತಾನೆಯೇ ಎಂದು ಅವಳ ಪ್ರಶ್ನೆ. ಅವರು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ದೂರದಲ್ಲಿ ಮಗುಚಿದ ದೋಣಿಯ ಬಿಳಿ ಕ್ಯಾನು ತೇಲುತ್ತಿತ್ತು, ಬರಿಗಣ್ಣಿಗೆ ಒಂದು ಚುಕ್ಕೆ. ಒಂದು ಪಟ ಕ್ಲಿಕ್ಕಿಸಿದ ಸದ್ದಾಯಿತು. ಲೆನ್ಸು ಸರಿದ ಸದ್ದಾಯಿತು. ಮತ್ತೊಂದು ಕ್ಲಿಕ್. ನನಗೆ ಮೈಯೆಲ್ಲ ಉರಿದುಹೋಯಿತು, ಈ ಮನುಷ್ಯನಿಗೆ ಈಗಲೂ ಪಟವೇ ಎಂದು.

ಆಮೇಲೆ ಅವರು ತಲೆ ಎತ್ತಿ ಹೇಳಿದರು, "ಕಾಂತ್. ಕ್ಯಾನಿನ ಬದಿಗೆ ತಲೆ ಕಾಂತ್. ಕೈ ಎತ್ತಿದ."

ಯಜಮಾನರು ಹತ್ತಿರ ಬಂದರು. "ಹ್ವಾಯ್, ಸುಳ್ಳಾದ್ರೆ ಮೂರ್ ಜೀವ ಹೋತ್ತ್."

"ಗೊತ್ತಿತ್ತ್. ಬೇಗ ಹೋಯ್ನಿ."

ಮೂವರೂ ಹೋದರು. ದೋಣಿ ತೆರೆಯ ಹಿಂದೆ ಮರೆಯಾಗಿ ಮತ್ತೆ ಕಾಣಿಸಿಕೊಳ್ಳುವ ಒಂದೊಂದು ಸಲವೂ ದಂಡೆಯ ಮೇಲಿದ್ದ ಅವರ ಹೆಂಡಿರು ನಮ್ಮ ಕಡೆ ತಿರುಗಿ ನೋಡುತ್ತಿದ್ದರು. ಸ್ಟುಡಿಯೋ ಅಣ್ಣ ಮತ್ತೆ ಕ್ಯಾಮೆರಾ ಎತ್ತಲಿಲ್ಲ. ಉಮಿಯ ಚೀಲವನ್ನು ಎರಡೂ ಕೈಯಲ್ಲಿ ಹಿಂಡುತ್ತ ಕುಳಿತಿದ್ದರು. ಹೊಲಿಗೆ ಬಿಟ್ಟು ಉಮಿ ಕಾಲ ಮೇಲೆ ಸುರಿಯುತ್ತಿತ್ತು, ಅವರಿಗೆ ಗೊತ್ತೇ ಆಗಲಿಲ್ಲ.

ತಮ್ಮ ಸಿಕ್ಕಿದ. ಜೀವ ಇತ್ತು. ಅಮ್ಮ ಅವನನ್ನು ಅಪ್ಪಿಕೊಂಡು ಬೈದಳು, ಹೊಡೆದಳು, ಅತ್ತಳು. ನಾನು ತಿರುಗಿ ನೋಡುವಷ್ಟರಲ್ಲಿ ಸ್ಟುಡಿಯೋ ಅಣ್ಣ ಪಾಗಾರದ ಮೂಲೆಯಲ್ಲಿ ಬಗ್ಗಿ ವಾಂತಿ ಮಾಡುತ್ತಿದ್ದರು. ನೀರು ಕೊಡಹೋದರೆ ಬೇಡವೆಂದು ಕೈ ಆಡಿಸಿದರು.

ಚೇತರಿಸಿಕೊಂಡ ತಮ್ಮ ಒಂದು ಮಾತು ಹೇಳಿದ. ತಾನು ಹಿಡಿದುಕೊಂಡದ್ದು ಹಲಗೆಯ ತುಂಡು, ತೆಂಕು ಬದಿಯ ಕಲ್ಲಿನ ಹತ್ತಿರ, ಕ್ಯಾನನ್ನು ಕಂಡೇ ಇಲ್ಲ ಎಂದು. ನೀರು ಎಳೆದುಕೊಂಡು ಹೋಗಿರಬೇಕೆಂದು ನಾವು ಸುಮ್ಮನಾದೆವು. ಸತ್ತು ಬದುಕಿ ಬಂದವನ ಹತ್ತಿರ ದಿಕ್ಕಿನ ಲೆಕ್ಕ ಯಾರು ಕೇಳುತ್ತಾರೆ? ಆ ಪಟದ ಒಂದು ಪ್ರತಿ ಬೇಕೆಂದು ನಾನು ಬ್ರಹ್ಮಾವರಕ್ಕೆ ಹೋದಾಗ ಅವರು ಮುಖ ಕೊಡದೆ ಹೇಳಿದರು, "ರೀಲಿಗೆ ಬೆಳ್ಕ್ ಬಿದ್ದ್ ಹಾಳಾಯ್ತ್." ಆಮೇಲೆ ಅವರು ನಮ್ಮ ದಂಡೆಗೆ ಬಂದದ್ದು ಕಡಿಮೆ, ಕೊನೆಗೆ ಬರುವುದೇ ನಿಂತುಹೋಯಿತು...

ಹಾಳಾಗಿರಲಿಲ್ಲ. ಡಬ್ಬಿಯಲ್ಲಿದ್ದ ಪಟ್ಟಿ ಅದೇ. ಕುಂದಾಪುರದಲ್ಲಿ ದೊಡ್ಡದು ಮಾಡಿಸಿ ತಂದು ಕಿಟಕಿಯ ಬೆಳಕಿಗೆ ಹಿಡಿದೆ. ಮೊದಲ ಪಟದಲ್ಲಿ ಕ್ಯಾನು ಚಿಕ್ಕದು, ಅದರ ಹಿಡಿಕೆಯೂ ಕಾಣುವಷ್ಟು ಚೊಕ್ಕ. ಸುತ್ತಲೂ ನೀರು. ತಲೆ ಇಲ್ಲ, ಕೈ ಇಲ್ಲ. ಎರಡನೆಯದರಲ್ಲಿ ಕ್ಯಾನು ದೊಡ್ಡದಾಗಿದೆ, ಅಂಚೆಲ್ಲ ಮಸುಕು. ಅಲ್ಲೂ ಯಾರೂ ಇಲ್ಲ. ಅಷ್ಟು ಜನರಿಗೆ ಬೇಡವೆಂದು ಹೇಳುತ್ತಿದ್ದವರು ಅವತ್ತು ತಾವೇ ಲೆನ್ಸನ್ನು ಪೂರ ಎಳೆದಿದ್ದರು.

ಮೂರು ಜೀವದ ಭಾರ ಹೊತ್ತು ಅವರು ಒಬ್ಬರೇ ಇಷ್ಟು ವರ್ಷ ಇದ್ದರು, ನಾನು ಒಂದು ಸಲವೂ ಹತ್ತಿರ ಕುಳಿತು ಕೇಳಲಿಲ್ಲ. ಆ ಸಂಕಟ ಈಗ ಯಾರಿಗೆ ಹೇಳಲಿ?

ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ ತಮ್ಮ ಕತ್ತೆತ್ತಿದ. ಅವನ ತಲೆಯೂ ಅರ್ಧ ಬೆಳ್ಳಗಾಗಿದೆ.

"ಆವತ್ತಿನ್ ಪಟ ಅಲ್ದಾ ಅಕ್ಕ? ನನ್ ತಲೆ ಕಾಂತಾ?"

ನಾನು ಪಟವನ್ನು ಮಡಿಲಲ್ಲಿ ಬೋರಲಾಗಿಟ್ಟೆ.

"ಕಾಂತ್," ಅಂದೆ.